ಖೂಶೂರ್: ಜಾತ್ರೆ ಡೇರೆಯದೋ, ಗ್ವಾನ್ಜ್‌ನದೋ?

ನೋಡೋಕೆ ನಮ್ಮ ಕರ್ಜಿಕಾಯಿ, ಕಚ್ಚಿದರೆ ಒಳಗೆ ಕುರಿ ಮಾಂಸ. ಉಲಾನ್‌ಬಾತರ್‌ಗೆ ಹೋಗುವವರೆಗೆ ಮಂಗೋಲಿಯಾದ ಖೂಶೂರ್ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ. ನಾವು ಹೋದದ್ದು ನಾದಂ ಹಬ್ಬದ ಹೊತ್ತಿಗೆ. ಜುಲೈ 11ರಿಂದ 13ರವರೆಗೆ ಕುಸ್ತಿ, ಬಿಲ್ಲುಗಾರಿಕೆ, ಕುದುರೆ ಓಟ. ಜೊತೆಗೆ ಎಲ್ಲಿ ನೋಡಿದರೂ ಖೂಶೂರ್ ಕರಿಯುವ ಬಾಣಲೆ.

ಮೊದಲು ತಿಂದದ್ದು ಕ್ರೀಡಾಂಗಣದ ಹೊರಗಿನ ಒಂದು ಡೇರೆಯಲ್ಲಿ. ಅಲ್ಲಿ ಕೊಟ್ಟದ್ದು ಕರ್ಜಿಕಾಯಿ ಆಕಾರದ್ದಲ್ಲ, ದುಂಡಗೆ, ಚಪ್ಪಟೆಯಾಗಿತ್ತು. ಹಿಟ್ಟು ತೆಳು, ಅಂಚು ಗರಿಗರಿ, ಮಾಂಸ ಮಾತ್ರ ಸ್ವಲ್ಪ ಕಡಿಮೆ. ನಾನು ಮಾಡಿದ ತಪ್ಪೆಂದರೆ ತಟ್ಟೆಯಲ್ಲಿ ಆಗಲೇ ಜೋಡಿಸಿಟ್ಟಿದ್ದನ್ನು ಕೊಂಡದ್ದು. ಕುರಿ ಕೊಬ್ಬು ಬಿಸಿ ಆರಿದ ಕೂಡಲೇ ಗಟ್ಟಿಯಾಗುತ್ತದೆ. ಎರಡನೇ ತುತ್ತಿಗೇ ಅಂಗುಳಕ್ಕೆ ಮೇಣ ಮೆತ್ತಿದ ಹಾಗಾಯಿತು. ಮರುದಿನ ಅದೇ ಸಾಲಿನ ಇನ್ನೊಂದು ಡೇರೆಯಲ್ಲಿ ಬಾಣಲೆ ಪಕ್ಕದಲ್ಲೇ ನಿಂತೆ. ಎಣ್ಣೆಯಿಂದ ಎತ್ತಿದ್ದನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಹಿಂದಿನ ದಿನದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವಷ್ಟು ಚೆನ್ನಾಗಿತ್ತು.

ಗ್ವಾನ್ಜ್ ಅಂದರೆ ಅಲ್ಲಿನ ಸಾದಾ ಊಟದ ಹೋಟೆಲ್. ಅಲ್ಲಿ ಸಿಕ್ಕಿದ್ದು ಅರ್ಧಚಂದ್ರದ ಖೂಶೂರ್, ಅಂಗೈಗಿಂತ ದೊಡ್ಡದು, ಅಂಚನ್ನು ಹಗ್ಗ ಹೊಸೆದ ಹಾಗೆ ಮಡಚಿದ್ದರು. ಹಿಟ್ಟಿಗೆ ಸೋಡಾ ಇಲ್ಲ, ಯೀಸ್ಟ್ ಇಲ್ಲ. ಬರೀ ಮೈದಾ, ನೀರು, ಉಪ್ಪು. ಒಳಗಿನ ಮಾಂಸವನ್ನು ಚಾಕುವಿನಿಂದಲೇ ಸಣ್ಣಗೆ ಕೊಚ್ಚಿರುತ್ತಾರೆ, ಕೊಬ್ಬನ್ನೂ ಬಿಡದೆ. ಈರುಳ್ಳಿ, ಉಪ್ಪು, ಜೊತೆಗೆ ಒಂದಿಷ್ಟು ನೀರು. ಗುಟ್ಟಿರುವುದು ಈ ನೀರಿನಲ್ಲೇ. ಕರಿಯುವಾಗ ಅದು ಕೊಬ್ಬಿನ ಜೊತೆ ಸೇರಿ ಒಳಗೇ ರಸವಾಗಿ ನಿಲ್ಲುತ್ತದೆ.

ನನಗದು ಗೊತ್ತಿರಲಿಲ್ಲ, ಸಮೋಸಾ ಅಂದುಕೊಂಡು ನಡುವಿಗೇ ಕಚ್ಚಿದೆ. ಸುಡುಸುಡು ರಸ ಗದ್ದದಿಂದ ಮಣಿಕಟ್ಟಿಗೆ, ಅಲ್ಲಿಂದ ತೋಳಿನೊಳಗೆ ಇಳಿಯಿತು. ಪಕ್ಕದ ಮೇಜಿನ ಅಜ್ಜಿ ನಕ್ಕರು. ತಮ್ಮದನ್ನು ಎತ್ತಿ ಹಿಡಿದು ಮೂಲೆಯಲ್ಲಿ ಚಿಕ್ಕದಾಗಿ ಕಚ್ಚಿದರು, ಸೊರ್ ಅಂತ ಹೀರಿದರು, ಆಮೇಲೆ ತಿಂದರು. ಮಾತು ಒಂದೂ ಆಡಲಿಲ್ಲ, ಪಾಠ ಮುಗಿಯಿತು.

ಜೊತೆಗೆ ಸೂತೇ ತ್ಸೈ, ಉಪ್ಪು ಹಾಕಿದ ಹಾಲಿನ ಚಹಾ. ಮೊದಲ ಗುಟುಕಿಗೆ ಮುಖ ಕಿವುಚಿದೆ. ಆದರೆ ಅಂಗುಳದ ಕೊಬ್ಬನ್ನು ಅದು ತೊಳೆದುಕೊಂಡು ಹೋಗುತ್ತದೆ ನೋಡಿ, ಆಗ ಇಷ್ಟವಾಗತೊಡಗಿತು. ಡೇರೆಯಲ್ಲಿ ನಾನು ಕುಡಿದದ್ದು ತಣ್ಣನೆಯ ಕೋಲಾ. ಅಲ್ಲಿ ಸೋತದ್ದಕ್ಕೆ ಅರ್ಧ ಕಾರಣ ಅದೇ ಇರಬೇಕು.

ಎಲೆಕೋಸು, ಕ್ಯಾರೆಟ್ ತುಂಬಿದ ತರಕಾರಿ ಖೂಶೂರ್ ಕೂಡ ಸಿಗುತ್ತದೆ. ಪರವಾಗಿಲ್ಲ, ಅಷ್ಟೇ. ಹೆಚ್ಚುಕಡಿಮೆ ಅದೇ ಮಾಂಸದ ಹೂರಣವನ್ನು ಹಿಟ್ಟಿನಲ್ಲಿ ತುಂಬಿ ಹಬೆಯಲ್ಲಿ ಬೇಯಿಸಿದರೆ ಬೂಜ್, ಚಳಿಗಾಲದ ಕೊನೆಗೆ ಬರುವ ಹೊಸವರ್ಷ ತ್ಸಗಾನ್ ಸಾರ್‌ನ ತಿಂಡಿ. ಬೂಜ್‌ನಲ್ಲಿ ಮಾಂಸದ ರುಚಿ ಜಾಸ್ತಿ ಗೊತ್ತಾಗುತ್ತೆ, ಆದರೆ ಗರಿಗರಿ ಇಲ್ಲ. ಗರಿಗರಿ ಇಲ್ಲದ ಮೇಲೆ ನನಗೆ ಮೋಮೋನೇ ಸಾಕು.

ಬೈಲಕುಪ್ಪೆಯಲ್ಲಿ ಟಿಬೆಟನ್ನರ ಶಾ ಫಾಲೆ, ಅಂದರೆ ಮಾಂಸ ತುಂಬಿ ಕರಿದ ರೊಟ್ಟಿ, ತಿಂದವರಿಗೆ ಖೂಶೂರ್ ಅಂದಾಜಿಗೆ ಸಿಗುತ್ತದೆ. ನಾನು ಅಲ್ಲಿ ತಿಂದಾಗ ಪಕ್ಕದಲ್ಲಿ ಖಾರದ ಚಟ್ನಿ ಇತ್ತು. ಇಲ್ಲಿ ಮೆಣಸಿನಕಾಯಿಯ ಸುಳಿವೇ ಇಲ್ಲ.

ನಿಂತುಕೊಂಡು ಒಂದೇ ಒಂದು ತಿನ್ನೋದಾದರೆ ಡೇರೆಯದು, ಅದೂ ಬಾಣಲೆಯಿಂದ ನೇರ ಕೈಗೆ. ಹೊಟ್ಟೆ ಹಸಿದಿದ್ದರೆ ಯೋಚನೆಯೇ ಬೇಡ, ಗ್ವಾನ್ಜ್‌ಗೆ ಹೋಗಿ. ನಾನು ಅಲ್ಲಿ ಮೂರು ತಿಂದೆ. ನಾಲ್ಕನೆಯದಕ್ಕೆ ಬ್ಯಾಗಿನಿಂದ ಚಟ್ನಿಪುಡಿ ಡಬ್ಬಿ ತೆಗೆದು ಅಜ್ಜಿಯ ಕಡೆಗೂ ಚಾಚಿದೆ. ಮೂಸಿ ನೋಡಿದರು, ಸೀನಿದರು, ತಮ್ಮ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿಕೊಂಡರು.