ಒಂದೇ ಅಂಚೆಪೆಟ್ಟಿಗೆ, ನಾಲ್ಕು ಕಂಪ್ಯೂಟರ್: ಸಂಪರ್ಕದ ಮಿತಿಗೆ ಪ್ರಯೋಗಿಸಿ ನೋಡಿದ ಉಪಾಯಗಳು

ಮುಂಬಯಿಯ ಉಪನಗರವೊಂದರಲ್ಲಿರುವ ನಮ್ಮ ಕನ್ನಡ ಸಂಘದ ಇಮೇಲ್ ಸರ್ವರನ್ನು ನಾನೇ ನೋಡಿಕೊಳ್ಳುತ್ತೇನೆ. ಅದು ಒಂದು ಜಿಬಿ ಮೆಮೊರಿಯ ಬಾಡಿಗೆ ಸರ್ವರ್. ಪತ್ರಗಳ ರವಾನೆಗೆ ಪೋಸ್ಟ್‌ಫಿಕ್ಸ್, ಓದುವುದಕ್ಕೆ ಡವ್‌ಕಾಟ್. ಕಳೆದ ರಾಜ್ಯೋತ್ಸವಕ್ಕೆ ವಾರವಿರುವಾಗ, ಆಮಂತ್ರಣಗಳಿಗೆ ಉತ್ತರ ಬರುತ್ತಿದ್ದ ಹೊತ್ತಿನಲ್ಲೇ, ಕಚೇರಿಯ ನಾಲ್ಕು ಕಂಪ್ಯೂಟರ್‌ಗಳಲ್ಲಿ ಒಂದೆರಡರಲ್ಲಿ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶಕ್ಕೆ ಅಂಚೆಪೆಟ್ಟಿಗೆಯನ್ನು ತೆರೆಯಲಾಗದೆ ಹೋಯಿತು. ಅದೇ ಖಾತೆ ಕಾರ್ಯದರ್ಶಿಯವರ ಮೊಬೈಲಿನಲ್ಲಿ ಮಾತ್ರ ಸರಾಗವಾಗಿ ತೆರೆಯುತ್ತಿತ್ತು.

ಒಂದು ಐಪಿ ವಿಳಾಸದಿಂದ (ಇಂಟರ್ನೆಟ್ಟಿನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಏಕಕಾಲಕ್ಕೆ 50 ಸಂಪರ್ಕ ಎಂಬ ಪೋಸ್ಟ್‌ಫಿಕ್ಸ್‌ನ ಮಿತಿಯನ್ನು ಮೊದಲು ಶಂಕಿಸಿ ನಾನು ಅರ್ಧ ದಿನ ಕಳೆದುಕೊಂಡೆ. ಅದು ಪತ್ರಗಳನ್ನು ಒಪ್ಪಿಸುವ ಬಾಗಿಲಿನ ಮಿತಿ. ಓದುವವರಿಗೂ ಅದಕ್ಕೂ ಸಂಬಂಧವಿಲ್ಲ. ನಿಜವಾದ ಕಾರಣ ಡವ್‌ಕಾಟ್‌ನ ಲಾಗ್‌ನಲ್ಲಿ, ಅಂದರೆ ಅದು ಬರೆದಿಡುವ ದಾಖಲೆಯಲ್ಲಿ, ಇತ್ತು: ಒಬ್ಬ ಬಳಕೆದಾರ ಒಂದು ಐಪಿ ವಿಳಾಸದಿಂದ ತೆರೆಯಬಹುದಾದ ಸಂಪರ್ಕಗಳ ಮಿತಿ ಮೀರಿದೆ. ಈ ಮಿತಿ ಮೂಲತಃ 10. ಥಂಡರ್‌ಬರ್ಡ್ ತಾನಾಗಿ ಒಂದು ಖಾತೆಗೆ ಐದು ಸಂಪರ್ಕಗಳವರೆಗೆ ತೆರೆದಿಟ್ಟುಕೊಳ್ಳುತ್ತದೆ. ನಾಲ್ವರೂ ಸಂಘದ ಒಂದೇ ಖಾತೆಯನ್ನು ಒಂದೇ ರೂಟರಿನ ಹಿಂದಿನಿಂದ ಬಳಸುತ್ತಿದ್ದರು. ಹೊರಗೆ ಎಲ್ಲರ ಐಪಿ ವಿಳಾಸವೂ ಒಂದೇ. ಹಾಗಾಗಿ ಸರ್ವರಿಗೆ ಅವರೆಲ್ಲ ಒಬ್ಬರೇ ಆಗಿ ಕಾಣುತ್ತಿದ್ದರು. ಮೊಬೈಲ್ ತನ್ನದೇ ಡೇಟಾದ ಮೇಲಿದ್ದುದರಿಂದ ಅದರ ವಿಳಾಸ ಬೇರೆ, ಲೆಕ್ಕವೂ ಬೇರೆ. ಅದನ್ನು ಕಚೇರಿಯ ವೈಫೈಗೆ ಸೇರಿಸಿದಾಗ ಅದಕ್ಕೂ ಅದೇ ಗತಿಯಾಯಿತು. ಆಗ ನನಗಿದ್ದ ಸಂಶಯವೂ ಹೋಯಿತು.

ಮೊದಲು ಮಿತಿಯನ್ನು 40ಕ್ಕೆ ಏರಿಸಿದೆ. ಎರಡು ನಿಮಿಷದ ಕೆಲಸ, ದೂರುಗಳು ತಕ್ಷಣ ನಿಂತವು. ಆದರೆ ಡವ್‌ಕಾಟ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ಪ್ರಕ್ರಿಯೆ ನಡೆಯುತ್ತದೆ, ಗೂಢಲಿಪಿಯ ಸಂಪರ್ಕವಾದರೆ ಲಾಗಿನ್ ಪ್ರಕ್ರಿಯೆಯೂ ಜೊತೆಗೇ ಉಳಿಯುತ್ತದೆ. ಸಣ್ಣ ಸರ್ವರಿಗೆ ಇದು ಭಾರ. ಮೇಲಾಗಿ, ಕೆಟ್ಟುಹೋದ ಯಾವುದೋ ಆ್ಯಪ್ ಬಿಡದೆ ಸಂಪರ್ಕ ತೆರೆಯತೊಡಗಿದರೆ ಅದನ್ನು ತಡೆಯುವ ಬೇಲಿಯೇ ಈ ಮಿತಿ. ಬೇಲಿಯನ್ನು ಅಷ್ಟು ದೂರಕ್ಕೆ ಸರಿಸುವುದು ನನಗೆ ಒಪ್ಪಿಗೆಯಾಗಲಿಲ್ಲ.

ಎರಡನೆಯದಾಗಿ ಮಿತಿಯನ್ನು 10ಕ್ಕೇ ಇಳಿಸಿ, ಪ್ರತಿ ಥಂಡರ್‌ಬರ್ಡ್‌ನ ಸುಧಾರಿತ ಸೆಟ್ಟಿಂಗ್‌ನಲ್ಲಿ ಸಂಪರ್ಕಗಳ ಸಂಖ್ಯೆಯನ್ನು ಐದರಿಂದ ಎರಡಕ್ಕೆ ತಂದೆ. ಲೆಕ್ಕ ಎಂಟಕ್ಕೆ ನಿಂತಿತು. ಒಂದಕ್ಕೇ ಇಳಿಸಿ ನೋಡಿದಾಗ ಫೋಲ್ಡರ್ ಬದಲಿಸುವಾಗಲೆಲ್ಲ ತಡವಾಗುತ್ತಿತ್ತು, ಏಕೆಂದರೆ ಒಂದು ಸಂಪರ್ಕ ಒಮ್ಮೆಗೆ ಒಂದೇ ಫೋಲ್ಡರನ್ನು ಕಾಯಬಲ್ಲದು. ಎರಡರಲ್ಲಿ ಕೆಲಸ ಸಹ್ಯವಾಗಿ ಸಾಗಿತು. ಆದರೂ ತಿಂಗಳೊಳಗೆ ಒಬ್ಬರು ಹೊಸ ಲ್ಯಾಪ್‌ಟಾಪ್ ತಂದರು, ಅದರಲ್ಲಿ ಐದು ಎಂಬ ಮೂಲ ಸಂಖ್ಯೆಯೇ ಇತ್ತು, ಹಳೆಯ ತೊಂದರೆ ಮರಳಿತು. ಪ್ರತಿ ಯಂತ್ರದ ಮುಂದೆ ಹೋಗಿ ಕೂರಬೇಕಾದ ಉಪಾಯವನ್ನು ಬಿಡುವಿನ ವೇಳೆಯಲ್ಲಿ ಸೇವೆ ಮಾಡುವವನು ಬಹಳ ಕಾಲ ನಡೆಸಲಾರ.

ಬ್ರೌಸರಿನಲ್ಲೇ ಪತ್ರ ಓದುವ ರೌಂಡ್‌ಕ್ಯೂಬ್ ವೆಬ್‌ಮೇಲನ್ನೂ ಕೆಲವು ದಿನ ಕೊಟ್ಟು ನೋಡಿದೆ. ಪ್ರತಿ ಕೋರಿಕೆಗೆ ಸಂಪರ್ಕ ತೆರೆದು ಮುಚ್ಚುವುದರಿಂದ ಮಿತಿಯ ಕಾಟವಿರಲಿಲ್ಲ, ಆದರೆ ಇಂಟರ್ನೆಟ್ ನಿಂತಾಗ ಹಳೆಯ ಪತ್ರಗಳೂ ಕೈಗೆ ಸಿಗುತ್ತಿರಲಿಲ್ಲ.

ಕೊನೆಗೆ ಒಂದು ಭಾನುವಾರ ಪೂರ್ತಿ ಕುಳಿತು ಪ್ರತಿಯೊಬ್ಬರಿಗೂ ಸ್ವಂತ ಖಾತೆ ಮಾಡಿಕೊಟ್ಟೆ, ಸಂಘದ ಪೆಟ್ಟಿಗೆಯನ್ನು ಹಂಚಿಕೆಯ ಫೋಲ್ಡರಾಗಿ ಎಲ್ಲರಿಗೂ ತೆರೆದೆ. ಇದರ ಸಿದ್ಧತೆ ಕಷ್ಟ. ಯಾರಿಗೆ ಓದುವ ಹಕ್ಕು, ಯಾರಿಗೆ ಅಳಿಸುವ ಹಕ್ಕು ಎಂದು ಹೆಸರು ಹೆಸರಾಗಿ ಬರೆಯಬೇಕಾಯಿತು, ಹಿರಿಯ ಪದಾಧಿಕಾರಿಗಳಿಗೆ ಎರಡೆರಡು ಬಾರಿ ತೋರಿಸಿಕೊಡಬೇಕಾಯಿತು. ಫಲ ಮಾತ್ರ ಉಳಿದೆಲ್ಲಕ್ಕಿಂತ ಮೇಲು. ಬಳಕೆದಾರರು ಬೇರೆಯಾದ ಕೂಡಲೇ ಪ್ರತಿಯೊಬ್ಬರ ಎಣಿಕೆಯೂ ಬೇರೆಯಾಯಿತು, ಥಂಡರ್‌ಬರ್ಡ್‌ನ ಐದು ಸಂಪರ್ಕಗಳನ್ನು ಮುಟ್ಟಬೇಕಾಗಲೇ ಇಲ್ಲ. ಅದಕ್ಕಿಂತ ನನಗೆ ಮುಖ್ಯವೆನಿಸಿದ್ದು ಬೇರೆ: ಒಬ್ಬರು ಸಂಘ ಬಿಟ್ಟರೆ ಎಲ್ಲರ ಪಾಸ್‌ವರ್ಡ್ ಬದಲಿಸುವ ಪ್ರಸಂಗವೇ ಬರುವುದಿಲ್ಲ. ಹತ್ತು ವರ್ಷ ಒಂದೇ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಹಂಚಿಕೊಂಡ ನಾವು ಇದನ್ನು ಮೊದಲೇ ಮಾಡಬೇಕಾಗಿತ್ತು.

ಮಿತಿಯನ್ನು 15ಕ್ಕೆ ಇಟ್ಟಿದ್ದೇನೆ, ಏಕೆಂದರೆ ಖಜಾಂಚಿಯವರು ಕಂಪ್ಯೂಟರ್, ಲ್ಯಾಪ್‌ಟಾಪ್, ಮೊಬೈಲ್ ಮೂರನ್ನೂ ಕಚೇರಿಯಲ್ಲೇ ಬಳಸುತ್ತಾರೆ. ಯಾರ ಎಷ್ಟು ಸಂಪರ್ಕಗಳು ತೆರೆದಿವೆ ಎಂದು ತೋರಿಸುವ ಡವ್‌ಕಾಟ್‌ನ ಆದೇಶವನ್ನು ಈಗ ವಾರಕ್ಕೊಮ್ಮೆ ನಡೆಸಿ ನೋಡುತ್ತೇನೆ. ಖಜಾಂಚಿಯವರ ಹೆಸರಿನ ಮುಂದೆ ಹನ್ನೆರಡಕ್ಕಿಂತ ಹೆಚ್ಚು ಇದುವರೆಗೆ ಕಂಡಿಲ್ಲ.