ತೋಟ ಇಲ್ಲಿ, ಸಾವು ಇಂಗ್ಲೆಂಡಿನಲ್ಲಿ: ಚಿಕ್ಕಮಗಳೂರಿನ ಒಂದು ವಕೀಲರ ಕಚೇರಿಯ ಸೇವೆ

ಹೊರದೇಶದ ತೆರಿಗೆಯ ತಕರಾರು ಎಂದರೆ ಬೆಂಗಳೂರಿಗೇ ಹೋಗಬೇಕೆಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಚಿಕ್ಕಮಗಳೂರಿನ ಎಂ.ಜಿ. ರಸ್ತೆಗೆ ಹತ್ತಿರದ ಒಂದು ಸಣ್ಣ ವಕೀಲರ ಕಚೇರಿ ನಮ್ಮ ಕುಟುಂಬದ ಪ್ರಕರಣವನ್ನು ನಡೆಸಿದ ರೀತಿ ನೋಡಿದ ಮೇಲೆ ನಾನು ಅದನ್ನು ಒಪ್ಪುವುದಿಲ್ಲ.

ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿ, ವೈದ್ಯರಾಗಿ ಇಂಗ್ಲೆಂಡಿಗೆ ಹೋದ ನಮ್ಮ ದೊಡ್ಡಪ್ಪ 2023ರಲ್ಲಿ ಅಲ್ಲೇ ತೀರಿಕೊಂಡರು. ಅವರ ಡೊಮಿಸೈಲ್, ಅಂದರೆ ಕಾಯಂ ನೆಲೆ, ಯಾವ ದೇಶದ್ದೆಂಬುದೇ ವಿವಾದವಾಯಿತು. ನೆಲೆ ಬ್ರಿಟನ್ನಿನದಾದರೆ ಕಾಫಿ ತೋಟವೂ ಸೇರಿದಂತೆ ಎಲ್ಲ ದೇಶಗಳ ಆಸ್ತಿಯೂ ಲೆಕ್ಕಕ್ಕೆ ಬಂದು, ಸಾಮಾನ್ಯವಾಗಿ 3,25,000 ಪೌಂಡ್ ಮೀರಿದ ಭಾಗಕ್ಕೆ ಶೇ. 40ರಷ್ಟು ಉತ್ತರಾಧಿಕಾರ ತೆರಿಗೆ ಬೀಳುತ್ತಿತ್ತು. ಹಿಂದಿನ 20 ತೆರಿಗೆ ವರ್ಷಗಳಲ್ಲಿ ಕನಿಷ್ಠ 15 ವರ್ಷ ಅಲ್ಲಿ ವಾಸವಿದ್ದವರನ್ನು ಅಲ್ಲಿಯವರೆಂದೇ ಪರಿಗಣಿಸುವ ನಿಯಮ ಆಗ ಇದ್ದುದರಿಂದ, ನಾವು ಮೊದಲು ಕಂಡ ಸಲಹೆಗಾರರು ಕೈಚೆಲ್ಲಿದ್ದರು.

ಈ ಕಚೇರಿಯ ಹಿರಿಯ ವಕೀಲರು ಎಲ್ಲಕ್ಕಿಂತ ಮೊದಲು ಕೇಳಿದ್ದು ಉಯಿಲನ್ನು. ಎಸ್ಟೇಟ್ ಡ್ಯೂಟಿ, ಅಂದರೆ ಸತ್ತವರ ಆಸ್ತಿಯ ಮೇಲಿನ ತೆರಿಗೆ, ಎರಡೂ ಕಡೆ ಬೀಳದಂತೆ ಭಾರತ ಮತ್ತು ಬ್ರಿಟನ್ ನಡುವೆ 1956ರಲ್ಲಿ ಆದ ಒಪ್ಪಂದವು, ನಮ್ಮಲ್ಲಿ ಆ ತೆರಿಗೆ 1985ರಲ್ಲೇ ರದ್ದಾದರೂ, ಇನ್ನೂ ಜಾರಿಯಲ್ಲಿದೆ. ಸಾಮಾನ್ಯ ಕಾನೂನಿನ ಪ್ರಕಾರ ಭಾರತದ ನೆಲೆಯವರಾಗಿಯೇ ತೀರಿಕೊಂಡವರ ಇಲ್ಲಿನ ಆಸ್ತಿಗೆ, ಆ 15 ವರ್ಷದ ನಿಯಮವಿದ್ದರೂ, ಬ್ರಿಟನ್ ತೆರಿಗೆ ಹಾಕುವಂತಿಲ್ಲ. ಆದರೆ ಆಸ್ತಿ ಬ್ರಿಟನ್ನಿನ ಕಾನೂನಿಗೆ ಒಳಪಟ್ಟ ಉಯಿಲಿನ ಮೂಲಕ ವಾರಸುದಾರರಿಗೆ ಬಂದರೆ ಈ ರಕ್ಷಣೆ ಸಿಗದು. ದೊಡ್ಡಪ್ಪ ತೋಟಕ್ಕೆಂದೇ ಪ್ರತ್ಯೇಕ ಉಯಿಲು ಬರೆದು ಮೂಡಿಗೆರೆಯಲ್ಲಿ ನೋಂದಾಯಿಸಿದ್ದರು. ಆ ಕಾಗದದ ಬೆಲೆ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಉಳಿದದ್ದು ನೆಲೆಯ ಪ್ರಶ್ನೆ. ಹುಟ್ಟಿನಿಂದ ಬಂದ ನೆಲೆ ಸುಲಭವಾಗಿ ಕಳಚುವುದಿಲ್ಲ. ಅದನ್ನು ತೊರೆದು ಬೇರೆಡೆ ಶಾಶ್ವತವಾಗಿ ಉಳಿಯುವ ಸಂಕಲ್ಪವಿತ್ತೆಂದು ತೋರಿಸುವ ಹೊಣೆ ಹಾಗೆ ವಾದಿಸುವವರದೇ, ಮತ್ತು ಬ್ರಿಟಿಷ್ ಪೌರತ್ವವೊಂದರಿಂದಲೇ ಅದು ಸಾಬೀತಾಗುವುದಿಲ್ಲ. ಹಾಗೆಂದು ಇವರು ಸುಮ್ಮನೆ ಕೂರಲಿಲ್ಲ. ಪಹಣಿ, ತೋಟದ ಮನೆಯ ದುರಸ್ತಿ ಬಿಲ್ಲುಗಳು, ನಿವೃತ್ತಿಯ ಬಳಿಕ ಊರಿಗೇ ಬರುವೆನೆಂದು ದೊಡ್ಡಪ್ಪ ನಮ್ಮ ತಂದೆಗೆ ಬರೆದ ಕಾಗದಗಳು, ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ, ಕನ್ನಡದವಕ್ಕೆ ದೃಢೀಕೃತ ಅನುವಾದ ಮಾಡಿಸಿದರು. ನಮ್ಮ ವಾದಕ್ಕೆ ತೊಡಕಾಗುವ ಸಂಗತಿಗಳನ್ನೂ, ಅಂದರೆ ಅಲ್ಲಿನ ಸ್ವಂತ ಮನೆಯನ್ನೂ ನಿವೃತ್ತಿಯ ಮೇಲೂ ಅಲ್ಲೇ ಉಳಿದ ವರ್ಷಗಳನ್ನೂ, ಮುಚ್ಚಿಡಬಾರದೆಂದು ಪಟ್ಟು ಹಿಡಿದರು. ಅವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಅಲ್ಲಿ. ಇಂಗ್ಲೆಂಡಿನ ಸಾಲಿಸಿಟರ್, ಅಂದರೆ ಅಲ್ಲಿನ ವಕೀಲರು, ನೆಲೆ ಬ್ರಿಟನ್ನಿನ ಹೊರಗಿತ್ತೆಂದು ತಿಳಿಸುವ ಐಎಚ್‌ಟಿ 401 ನಮೂನೆಯೊಂದಿಗೆ ಇದನ್ನೆಲ್ಲ ಸಲ್ಲಿಸಿದರು. ಅಲ್ಲಿನ ಮನೆಯ ಮೇಲಿನ ತೆರಿಗೆಯನ್ನು, ಬಡ್ಡಿ ಬೆಳೆಯದಂತೆ, ಸಾವಿನ ತಿಂಗಳಿಂದ ಆರನೆಯ ತಿಂಗಳು ಮುಗಿಯುವ ಮೊದಲೇ ಕಟ್ಟಿಸಿದರು. ಕೆಲವು ಪ್ರಶ್ನೋತ್ತರಗಳ ನಂತರ ತೋಟವನ್ನು ಕೈಬಿಡಲು ತೆರಿಗೆ ಇಲಾಖೆ ಒಪ್ಪಿತು.

ಕೊರತೆಯೂ ಇದೆ. ಫೋನಿಗೆ ಉತ್ತರ ಸಿಗುವುದು ನಿಧಾನ. ಸಾಲಿಸಿಟರ್ ಶುಲ್ಕ ಬೇರೆಯೆಂಬುದನ್ನು ಮೊದಲೇ ಹೇಳಲಿಲ್ಲ. ಕಚೇರಿಗೆ ಸಂಬಂಧಿಸದ ಇನ್ನೊಂದು ಎಚ್ಚರಿಕೆ: 2025ರ ಏಪ್ರಿಲ್ 6ರಿಂದ ಬ್ರಿಟನ್ ಸರ್ಕಾರವು ನೆಲೆಯ ಬದಲು ದೀರ್ಘಕಾಲದ ವಾಸವನ್ನು, ಸ್ಥೂಲವಾಗಿ 20ರಲ್ಲಿ 10 ವರ್ಷವನ್ನು, ಅಳತೆಗೋಲು ಮಾಡಿಕೊಂಡಿದೆ. ಹಾಗಾಗಿ ಆ ದಿನದಿಂದೀಚೆಗೆ ತೀರಿಕೊಂಡವರ ಮನೆಯವರು ನಮ್ಮ ಪ್ರಕರಣವನ್ನೇ ಮಾದರಿಯೆಂದು ಹಿಡಿಯದೆ, ಉಯಿಲುಗಳನ್ನೆಲ್ಲ ತೆಗೆದುಕೊಂಡು ಹೋಗಿ ಹೊಸದಾಗಿ ಅಭಿಪ್ರಾಯ ಕೇಳಬೇಕು, ಶುಲ್ಕವನ್ನು ಮೊದಲ ಭೇಟಿಯಲ್ಲೇ ಬರವಣಿಗೆಯಲ್ಲಿ ಪಡೆಯಬೇಕು.