ಮೇ ಕೊನೆಗೆ ಟ್ಯುಲಿಪ್ ತೋರಿಸುತ್ತೇವೆ ಎಂದರೆ ನಂಬಬೇಡಿ

ಮಕ್ಕಳ ಬೇಸಿಗೆ ರಜೆಗೆ ಯುರೋಪ್ ಪ್ರವಾಸ ಗೊತ್ತುಮಾಡುತ್ತಿರುವವರು ಇದನ್ನು ಓದಿ, ಆಮೇಲೆ ಮುಂಗಡ ಕೊಡಿ.

ನಮ್ಮ ಅಮ್ಮ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವನ್ನು ಜನವರಿಯಲ್ಲೂ ಆಗಸ್ಟ್‌ನಲ್ಲೂ ತಪ್ಪಿಸಿದವರಲ್ಲ. ಅವರಿಗೆ ಟ್ಯುಲಿಪ್ ತೋರಿಸಬೇಕೆಂದೇ 2025ರ ಮೇ ತಿಂಗಳಲ್ಲಿ ನಾವು ನೆದರ್‌ಲ್ಯಾಂಡ್ಸ್‌ಗೆ ಹೊರಟದ್ದು. ಪ್ರವಾಸ ಸಂಸ್ಥೆಯವರು ಕೊಟ್ಟ ಹಾಳೆಯಲ್ಲಿ ಐದನೇ ದಿನದ ಎದುರಿಗೆ ‘ಕ್ಯೂಕೆನ್‌ಹಾಫ್ ಟ್ಯುಲಿಪ್ ಉದ್ಯಾನ ಭೇಟಿ’ ಎಂದು ಅಚ್ಚಾಗಿತ್ತು. ಪುಟದ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ‘ಋತುಮಾನಕ್ಕೆ ಒಳಪಟ್ಟು’ ಎಂದೂ ಇತ್ತು. ಓದಿದ್ದೆ, ಹೂವು ಸ್ವಲ್ಪ ಕಡಿಮೆ ಇರಬಹುದು ಎಂದಷ್ಟೇ ತಿಳಿದುಕೊಂಡೆ. ಉದ್ಯಾನಕ್ಕೇ ಬೀಗ ಬೀಳುತ್ತದೆ ಎಂದು ಲಾಲ್‌ಬಾಗ್ ನೋಡಿ ಬೆಳೆದವರಿಗೆ ಹೊಳೆಯುವುದಾದರೂ ಹೇಗೆ?

ಕ್ಯೂಕೆನ್‌ಹಾಫ್ ವರ್ಷಕ್ಕೆ ಸುಮಾರು ಎಂಟು ವಾರ ಮಾತ್ರ ತೆರೆದಿರುತ್ತದೆ. ಆ ವರ್ಷ ಮಾರ್ಚ್ 20ರಿಂದ ಮೇ 11ರವರೆಗೆ. ನಮ್ಮ ಬಸ್ಸು ಲಿಸ್ಸೆ ಊರಿಗೆ ಬಂದದ್ದು ಮೇ 24ಕ್ಕೆ. ಮುಚ್ಚಿದ ಬಾಗಿಲ ಮುಂದೆ ನಿಲ್ಲಿಸಿ, ‘ಹದಿನೈದು ನಿಮಿಷ, ಫೋಟೊ ತೆಗೆದುಕೊಳ್ಳಿ’ ಎಂದರು.

ಅಮ್ಮ ಮಾತಾಡದೆ ರಸ್ತೆಯಾಚೆಯ ಹೊಲದ ಅಂಚಿಗೆ ಹೋಗಿ ನಿಂತರು. ಕಣ್ಣು ಹಾಯುವವರೆಗೂ ಸಾಲು ಸಾಲು ದಂಟು, ಎಲೆಗಳ ತುದಿ ಹಳದಿಗೆ ತಿರುಗಿದೆ, ಒಂದು ಹೂವಿಲ್ಲ. ಬಗ್ಗಿ ನೋಡಿದರೆ ದಂಟುಗಳೆಲ್ಲ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಮೊಂಡಾಗಿದ್ದವು. ಅಲ್ಲಿನ ರೈತರಿಗೆ ಬೇಕಾದದ್ದು ಗೆಡ್ಡೆ. ಗಿಡದ ಸತ್ವ ಬೀಜಕ್ಕೆ ಹೋಗದೆ ಗೆಡ್ಡೆಗೆ ಇಳಿಯಲಿ ಎಂದು ಅರಳಿದ ಹೂವನ್ನು ಯಂತ್ರ ಹಾಯಿಸಿ ಸವರಿಬಿಡುತ್ತಾರೆ. ‘ನಮ್ಮ ಈರುಳ್ಳಿ ಹೊಲದ ಹಾಗೇ ಇದೆಯಲ್ಲೋ’ ಎಂದರು ಅಮ್ಮ. ನನಗೆ ಬೇಸರವಾಗಬಾರದೆಂದು ಆಡಿದ ಮಾತು. ಅದಕ್ಕೇ ಇನ್ನೂ ಚುಚ್ಚುತ್ತದೆ.

ಬೆಂಗಳೂರಿಗೆ ಮರಳಿ ಸಂಸ್ಥೆಯವರನ್ನು ಕೇಳಿದೆ. ‘ಭೇಟಿ ಎಂದಿದೆ ಸರ್, ಪ್ರವೇಶ ಎಂದಿಲ್ಲ’ ಎಂಬ ಉತ್ತರ ಬಂತು. ತೆರೆಯುವ, ಮುಚ್ಚುವ ತಾರೀಕುಗಳನ್ನು ಉದ್ಯಾನದವರು ತಿಂಗಳುಗಳ ಮೊದಲೇ ಪ್ರಕಟಿಸಿರುತ್ತಾರೆ. ಪ್ರವಾಸ ಮಾರುವವರಿಗೆ ಅದು ಗೊತ್ತಿರಲಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಇದು ಮೋಸ.

ತೋಟಕ್ಕಾಗಿಯೇ ಹೋಗುವುದಾದರೆ ಮೊದಲು ಹೂವಿನ ತಾರೀಕು ನೋಡಿ, ವಿಮಾನದ ಟಿಕೆಟ್ ಆಮೇಲೆ. ಬಾಗಿಲು ತೆರೆದಿದ್ದರೂ ಸಾಲದು. ಕ್ಯೂಕೆನ್‌ಹಾಫ್‌ಗೆ ಮಾರ್ಚ್‌ನಲ್ಲೇ ಹೋದರೆ ಹೊರಗಿನ ಪಾತಿಗಳಲ್ಲಿ ಹೆಚ್ಚಾಗಿ ಕಾಣುವುದು ಡ್ಯಾಫೊಡಿಲ್, ಕ್ರೋಕಸ್. ಟ್ಯುಲಿಪ್ ತುಂಬಿ ನಿಲ್ಲುವುದು ಸಾಮಾನ್ಯವಾಗಿ ಏಪ್ರಿಲ್ ನಡುವಿನ ಹೊತ್ತಿಗೆ. ಫ್ರಾನ್ಸಿನ ಜಿವೆರ್ನಿಯಲ್ಲಿ ಚಿತ್ರಕಾರ ಮೋನೆಯ ತೋಟ ಏಪ್ರಿಲ್ ಒಂದಕ್ಕೇ ತೆರೆಯುತ್ತದೆ, ಆದರೆ ಅವರು ಬರೆದ ನೈದಿಲೆಗಳು ಕೊಳದಲ್ಲಿ ಅರಳಲು ಬೇಸಿಗೆ ಬರಬೇಕು. ಮೇ ಕೊನೆಯ ರಜೆಯೊಂದೇ ನಿಮ್ಮ ಕೈಯಲ್ಲಿದ್ದರೆ ಟ್ಯುಲಿಪ್ ಆಸೆ ಬಿಟ್ಟು, ಹೆಚ್ಚುಕಡಿಮೆ ವರ್ಷವಿಡೀ ತೆರೆದಿರುವ ಲಂಡನ್ನಿನ ಕ್ಯೂ ಗಾರ್ಡನ್ಸ್‌ನಂಥ ಕಡೆ ಕರೆದುಕೊಂಡು ಹೋಗಿ, ಅದರಲ್ಲೂ ವಯಸ್ಸಾದವರು ಜೊತೆಗಿದ್ದರೆ.

ಪ್ರವಾಸ ಸಂಸ್ಥೆಯ ಮೂಲಕವೇ ಹೋಗುತ್ತೀರಾದರೆ ‘ಆ ದಿನ ಉದ್ಯಾನ ತೆರೆದಿರುತ್ತದೆ, ಪ್ರವೇಶ ಟಿಕೆಟ್ ಸೇರಿದೆ’ ಎಂದು ತಾರೀಕಿನೊಂದಿಗೆ ಬರೆಸಿಕೊಳ್ಳಿ. ಬರೆದುಕೊಡಲು ತಡವರಿಸಿದರೆ ಎದ್ದು ಬನ್ನಿ.